ಬಿಡದ ಬ್ರೇಕಿನ ಬೆನ್ನು ಹತ್ತಿ

ಸಂಡೂರಿನಿಂದ ಯಶವಂತನಗರ ದಾಟಿ ಕೂಡ್ಲಿಗಿ ಕಡೆಗೆ ಸಾಗಿದರೆ ಬಂಡ್ರಿ ಸಿಗುತ್ತದೆ. ಹಿಂದೆ ಗುಡ್ಡಗಳ ಸಾಲು, ಮುಂದೆ ಮೆಕ್ಕೆಜೋಳ, ಜೋಳದ ಬಯಲು. ಈ ದಾರಿಯಲ್ಲಿ ಚಹಾಕ್ಕೆಂದು ಕಾರು ನಿಲ್ಲಿಸಿ ಇಳಿದವರು ಒಮ್ಮೊಮ್ಮೆ ಮೂಗು ಅರಳಿಸಿ ಒಬ್ಬರ ಮುಖ ಒಬ್ಬರು ನೋಡುವುದುಂಟು. ಏನೋ ಸುಟ್ಟ ವಾಸನೆ. ‘ಕ್ಲಚ್ ಪ್ಲೇಟ್ ಹೋತು’ ಅನ್ನುವವರು ಒಬ್ಬರು, ‘ಟೈರ್ ಸುಡಾಕ ಹತ್ತೈತೆ’ ಅನ್ನುವವರು ಇನ್ನೊಬ್ಬರು. ಅನುಭವಸ್ಥ ಡ್ರೈವರ್ ಮಾತಾಡುವುದಿಲ್ಲ. ನಾಲ್ಕೂ ಗಾಲಿಯ ಹತ್ತಿರ ಕೂತು ಎದ್ದು, ರಿಮ್ಮಿಗೆ ತಾಗದಂತೆ ಅಂಗೈ ಒಡ್ಡುತ್ತಾ ಬರುತ್ತಾನೆ. ಮೂರು ಗಾಲಿ ಸಾಮಾನ್ಯ ಬಿಸಿ, ಒಂದರ ಹತ್ತಿರ ಕೈ ಒಯ್ಯಲು ಆಗುವುದಿಲ್ಲ. ‘ಬ್ರೇಕ್ ಹಿಡ್ಕಂಡೈತೆ ನೋಡ್ರಿ.’

ಅಲ್ಲಿಂದ ಮುಂದೆ ನಡೆಯುವುದೇ ಈ ಲೇಖನದ ವಿಷಯ. ನಮ್ಮ ಭಾಗದಲ್ಲಿ ಬಹುಪಾಲು ಕಾರುಗಳಿಗೆ ಆಗುವುದು ಇಷ್ಟು: ಗಾಲಿ ಬಿಚ್ಚಿ, ಪ್ಯಾಡ್ ತೆಗೆದು ಉಪ್ಪು ಕಾಗದ ಉಜ್ಜಿ, ಪಿಸ್ಟನ್ ಹಿಂದಕ್ಕೆ ಒತ್ತಿ, ಮತ್ತೆ ಕೂರಿಸಿ ಕಳುಹಿಸುತ್ತಾರೆ. ಒಂದು ವಾರ ಸರಿ ಇರುತ್ತದೆ. ಮತ್ತೆ ಹಿಡಿಯುತ್ತದೆ. ಆಗ ಹೊಸ ಪ್ಯಾಡ್. ಮತ್ತೊಂದು ತಿಂಗಳಿಗೆ ಡಿಸ್ಕ್. ಆಮೇಲೆ ಹೊಸಪೇಟೆಯಿಂದ ಕ್ಯಾಲಿಪರ್ ತರಿಸಿ ಎನ್ನುತ್ತಾರೆ. ಇಷ್ಟೆಲ್ಲ ಹಣ ಹೋದ ಮೇಲೆ, ದೋಷ ಇದ್ದದ್ದು ಒಂದು ಗೇಣುದ್ದದ ರಬ್ಬರ್ ಪೈಪಿನಲ್ಲಿ ಎಂದು ಗೊತ್ತಾಗುತ್ತದೆ. ಸಾಲ ಮಾಡಿ ಸೆಕೆಂಡ್‌ಹ್ಯಾಂಡ್ ಕಾರು ಕೊಂಡು, ಹಂಪಿಗೆ ಪ್ರವಾಸಿಗರನ್ನೋ ಬಳ್ಳಾರಿ ಆಸ್ಪತ್ರೆಗೆ ರೋಗಿಗಳನ್ನೋ ಒಯ್ದು ಬದುಕುವವನ ಕಿಸೆಯಿಂದ ಹೀಗೆ ದುಡ್ಡು ಸೋರಬಾರದು. ಬದಲಿಸುವ ಮುನ್ನ ಹುಡುಕಬೇಕು. ಹುಡುಕಲು ದೊಡ್ಡ ಯಂತ್ರವೂ ಬೇಕಿಲ್ಲ. ಒಂದು ಜಾಕ್, ಒಂದು ಸ್ಟ್ಯಾಂಡ್, ಒಂದು ಪಾನ, ಗಾಲಿಗೆ ಕೊಡಲು ಕೆಲವು ಕಲ್ಲು ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕು.

ಹುಡುಕಬೇಕೆಂದರೆ ಬ್ರೇಕ್ ಹೇಗೆ ಬಿಡುತ್ತದೆ ಎಂಬುದು ಮೊದಲು ತಿಳಿದಿರಬೇಕು. ಬ್ರೇಕ್ ಹಿಡಿಯುವ ಬಗೆ ಶಾಲೆಯ ವಿಜ್ಞಾನದ ಪುಸ್ತಕದಲ್ಲೇ ಇದೆ. ಪ್ಯಾಸ್ಕಲ್‌ನ ನಿಯಮ: ಮುಚ್ಚಿದ ದ್ರವದ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಆ ನಿಯಮವನ್ನು ಮೋಟಾರಿಗೆ ಹೂಡಿದ. 1921ರ ಡ್ಯೂಸನ್‌ಬರ್ಗ್ ಕಾರು ನಾಲ್ಕೂ ಗಾಲಿಗೆ ಎಣ್ಣೆಯ ಬ್ರೇಕ್ ಹೊತ್ತು ಬಂತು. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ನೂಕುತ್ತದೆ, ಗಾಲಿಯ ಬಳಿ ಇರುವ ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಇಷ್ಟು ಎಲ್ಲರಿಗೂ ಗೊತ್ತು.

ಕಾಲು ತೆಗೆದಾಗ ಪ್ಯಾಡನ್ನು ಹಿಂದಕ್ಕೆ ಎಳೆಯುವವರು ಯಾರು? ಹೆಚ್ಚಿನ ಕಾರುಗಳ ಮುಂದಿನ ಡಿಸ್ಕ್ ಬ್ರೇಕಿನಲ್ಲಿ ಆ ಕೆಲಸಕ್ಕೆಂದು ದೊಡ್ಡ ಸ್ಪ್ರಿಂಗ್ ಏನೂ ಇಲ್ಲ. ಕ್ಯಾಲಿಪರಿನ ಒಳಗೆ ಪಿಸ್ಟನ್ನನ್ನು ಸುತ್ತಿಕೊಂಡು ಒಂದು ರಬ್ಬರ್ ರಿಂಗ್ ಇರುತ್ತದೆ. ಅದನ್ನು ಕತ್ತರಿಸಿ ನೋಡಿದರೆ ಚೌಕಾಕಾರ. ಎಣ್ಣೆ ಸೋರದಂತೆ ತಡೆಯುವುದು ಅದರ ಒಂದು ಕೆಲಸ. ಪಿಸ್ಟನ್ ಮುಂದೆ ಸರಿದಾಗ ಈ ರಿಂಗ್ ಅದರ ಜೊತೆ ಸ್ವಲ್ಪ ತಿರುಚಿಕೊಳ್ಳುತ್ತದೆ. ಒತ್ತಡ ಇಳಿದ ಕೂಡಲೇ ಮೊದಲಿನ ಆಕಾರಕ್ಕೆ ಮರಳುತ್ತದೆ, ಮರಳುವಾಗ ಪಿಸ್ಟನ್ನನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಷ್ಟು ಹಿಂದಕ್ಕೆ? ಒಂದು ಮಿಲಿಮೀಟರಿನ ಕೆಲವೇ ಅಂಶ. ಸಾವಿರ ಕಿಲೋ ತೂಕದ ಕಾರು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಸರಾಗವಾಗಿ ಉರುಳುವುದು ಈ ರಬ್ಬರಿನ ಸಣ್ಣ ಎಳೆತದ ದಯೆಯಿಂದ. ನನಗೆ ಇದು ಇಡೀ ಕಾರಿನಲ್ಲಿ ಅತ್ಯಂತ ಚೆಂದದ ಉಪಾಯವೆನಿಸುತ್ತದೆ.

ಇದರಲ್ಲೇ ರೋಗದ ಗುಟ್ಟೂ ಇದೆ. ಬ್ರೇಕ್ ಹಿಡಿಸುವ ಶಕ್ತಿ ಭಾರಿಯದು. ಕಾಲಿನ ಬಲ, ಪೆಡಲಿನ ಸನ್ನೆ, ಬೂಸ್ಟರಿನ ನೆರವು ಮೂರೂ ಸೇರಿ ಪೈಪಿನಲ್ಲಿ ಹತ್ತಾರು ಬಾರ್ ಒತ್ತಡ ಏಳುತ್ತದೆ. ಬಿಡಿಸುವ ಶಕ್ತಿ ಮಾತ್ರ ಒಂದು ರಬ್ಬರ್ ರಿಂಗಿನದು. ದಾರಿಯಲ್ಲಿ ಎಲ್ಲಿ ಸಣ್ಣ ಅಡ್ಡಿ ಬಂದರೂ, ಹೋಗುವಾಗ ಎಣ್ಣೆ ಅದನ್ನು ಲೆಕ್ಕಿಸದೆ ನುಗ್ಗುತ್ತದೆ, ಬರುವಾಗ ಸೋಲುತ್ತದೆ. ಹಾಗಾಗಿ ಪೆಡಲ್ ತುಳಿದರೆ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಡ್ರೈವರ್ ಮೋಸ ಹೋಗುವುದು ಇದರಿಂದಲೇ.

ಹಿಂದಿನ ಡ್ರಮ್ ಬ್ರೇಕಿನ ಕಥೆ ಬೇರೆ. ಅಲ್ಲಿ ಲೈನರನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗುಗಳಿವೆ. ಅವು ಸಡಿಲಾದರೆ, ತುಕ್ಕು ಹಿಡಿದು ಮುರಿದರೆ, ಅಥವಾ ಅಡ್ಜಸ್ಟರ್ ಹೆಚ್ಚು ಬಿಗಿಯಾದರೆ ಲೈನರ್ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ಹ್ಯಾಂಡ್ ಬ್ರೇಕಿನ ಕೇಬಲ್ಲೂ ಅಲ್ಲೇ ಸೇರುತ್ತದೆ. ಹಿಂದಿನ ಗಾಲಿ ಬಿಸಿಯಾದರೆ ಎಣ್ಣೆಯ ಪೈಪು ಮುಟ್ಟುವ ಮೊದಲು ಕೇಬಲ್ ನೋಡುವುದು ಜಾಣತನ. ಒಳಗೆ ಲಿವರ್ ಇಳಿಸಿದರೂ ಡ್ರಮ್ಮಿನ ಬಳಿ ಕೇಬಲ್ ಸಡಿಲಾಗಿಲ್ಲವೆಂದರೆ ಕಾರಣ ಸಿಕ್ಕಿತು.

ಇನ್ನು ನಮ್ಮ ನೆಲದ ಪಾಲು. ಸಂಡೂರು ಎಂದರೆ ಕಬ್ಬಿಣದ ಅದಿರು. ದೋಣಿಮಲೈಯ ಎನ್‌ಎಂಡಿಸಿ ಗಣಿ, ಸಂಡೂರು ಮ್ಯಾಂಗನೀಸ್ ಕಂಪನಿ, ಆಚೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ಮುಂಚಿನ ವರ್ಷಗಳಲ್ಲಿ ಈ ರಸ್ತೆಗಳ ಮೇಲೆ ಅದಿರಿನ ಲಾರಿಗಳದೇ ರಾಜ್ಯ. ಮರದ ಎಲೆ, ಮನೆಯ ಗೋಡೆ, ಎತ್ತಿನ ಮೈ ಎಲ್ಲ ಒಂದೇ ಕೆಂಪು. ಈಗ ಆ ಪ್ರಮಾಣದ ಧೂಳಿಲ್ಲ, ಆದರೆ ಧೂಳು ಪೂರ್ತಿ ಹೋಗಿಯೂ ಇಲ್ಲ. ಇಲ್ಲಿ ಕಾರಿನ ಬ್ರೇಕ್ ಹಿಡಿದರೆ ‘ಅದಿರಿನ ಧೂಳಿಗೆ ತುಕ್ಕು ಹಿಡೀತು’ ಎನ್ನುವ ಮಾತು ಸಾಮಾನ್ಯ.

ಈ ಮಾತಿನಲ್ಲಿ ಅರ್ಧ ಮಾತ್ರ ನಿಜ. ಇಲ್ಲಿನ ಅದಿರು ಹೆಮಟೈಟ್. ಅದು ಕಬ್ಬಿಣ ಮತ್ತು ಆಮ್ಲಜನಕ ಈಗಾಗಲೇ ಕೂಡಿದ ಖನಿಜ, ಇನ್ನು ತುಕ್ಕು ಹಿಡಿಯಲು ಅದರಲ್ಲಿ ಏನೂ ಉಳಿದಿಲ್ಲ. ಅದರ ಕೇಡು ಬೇರೆ ಬಗೆಯದು. ಹೆಮಟೈಟಿನ ಹುಡಿ ಗಡಸು. ಕ್ಯಾಲಿಪರ್ ಆಚೀಚೆ ಜಾರಲು ಎರಡು ಪಿನ್ನುಗಳಿರುತ್ತವೆ, ಅವುಗಳ ಮೇಲೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟು. ಬೂಟಿನಲ್ಲಿ ಒಂದು ಸೀಳು ಬಿದ್ದರೆ ಧೂಳು ಒಳಗೆ ಹೋಗಿ ಗ್ರೀಸಿನ ಜೊತೆ ಸೇರಿ ಅರೆಯುವ ಲೇಪವಾಗುತ್ತದೆ. ಮಳೆಗಾಲದಲ್ಲಿ ಅದೇ ಲೇಪ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ತುಕ್ಕು ಹಿಡಿಯುವುದು ಪಿನ್ನಿನ ಉಕ್ಕಿಗೆ. ಪಿನ್ ಜಾರದಿದ್ದರೆ ಕ್ಯಾಲಿಪರ್ ಓರೆಯಾಗಿ ನಿಲ್ಲುತ್ತದೆ, ಒಂದು ಪ್ಯಾಡ್ ಡಿಸ್ಕಿಗೆ ಅಂಟಿಯೇ ಇರುತ್ತದೆ. ಗಾಲಿ ಬಿಚ್ಚಿದಾಗ ಒಳಗಿನ ಪ್ಯಾಡಿಗೂ ಹೊರಗಿನ ಪ್ಯಾಡಿಗೂ ದಪ್ಪದಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಪಿನ್ನೋ ಪಿಸ್ಟನ್ನೋ ಸರಿಯಾಗಿ ಸರಿಯುತ್ತಿಲ್ಲ ಎಂದೇ ತಿಳಿಯಬೇಕು.

ಧೂಳಿಗಿಂತ ಹೆಚ್ಚು ಕೆಡಿಸುವುದು ನಾವೇ ಕೈಯಾರೆ ಮಾಡುವ ಎರಡು ಕೆಲಸ. ಸರ್ವಿಸ್ ಸ್ಟೇಷನ್ನಿನಲ್ಲಿ ತೊಳೆದ ಮೇಲೆ ಗಾಡಿಯ ಅಡಿಗೆ ಡೀಸೆಲ್ಲೋ ಹಳೆಯ ಎಂಜಿನ್ ಆಯಿಲ್ಲೋ ಸ್ಪ್ರೇ ಹೊಡೆಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ತಗಡಿಗೆ ಅದು ಒಳ್ಳೆಯದಿರಬಹುದು, ಬ್ರೇಕಿನ ರಬ್ಬರಿಗೆ ವಿಷ. ಬ್ರೇಕಿನ ಸೀಲುಗಳ ರಬ್ಬರ್ ಗ್ಲೈಕಾಲ್ ಜಾತಿಯ ಬ್ರೇಕ್ ಎಣ್ಣೆಗೆ ತಕ್ಕುದು. ಪೆಟ್ರೋಲಿಯಂ ಎಣ್ಣೆ ತಗುಲಿದರೆ ಊದಿಕೊಂಡು ಮೆತ್ತಗಾಗುತ್ತದೆ. ಪಿನ್ನಿಗೆ ಡಬ್ಬಿಯಲ್ಲಿದ್ದ ಮಾಮೂಲಿ ಗ್ರೀಸ್ ಬಳಿಯುವುದೂ ಇದೇ ತಪ್ಪು. ಬ್ರೇಕಿಗೆಂದೇ ಸಿಲಿಕೋನ್ ಗ್ರೀಸ್ ಸಿಗುತ್ತದೆ, ಸಣ್ಣ ಪೊಟ್ಟಣ ಬಹಳ ಕಾಲ ಬರುತ್ತದೆ.

ಎರಡನೆಯದು ಇದಕ್ಕಿಂತ ಘೋರ. ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿ ಮಟ್ಟ ಇಳಿದಿದೆಯೆಂದು ಕೈಗೆ ಸಿಕ್ಕ ಸ್ಟೀರಿಂಗ್ ಆಯಿಲ್ಲನ್ನೋ ಎಂಜಿನ್ ಆಯಿಲ್ಲನ್ನೋ ಸುರಿಯುವುದು. ‘ಎಲ್ಲಾ ಎಣ್ಣೀನ ಅಲ್ಲೇನ್ರೀ’ ಎಂಬ ಧೈರ್ಯ. ಹಾಗೆ ಸುರಿದ ಮೇಲೆ ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಗಾಲಿಯವರೆಗೆ ಒಂದೊಂದೇ ರಬ್ಬರ್ ಊದುತ್ತಾ ಹೋಗುತ್ತದೆ. ನಾಲ್ಕೂ ಬ್ರೇಕ್ ನಿಧಾನಕ್ಕೆ ಬಿಗಿಯಾಗುತ್ತವೆ. ಇದಕ್ಕೆ ಎಣ್ಣೆ ಬದಲಿಸಿದರೆ ಸಾಲದು. ಪೈಪು ತೊಳೆದು, ರಬ್ಬರ್ ಇರುವ ಪ್ರತಿ ಭಾಗವನ್ನೂ ಹೊಸದಾಗಿ ಹಾಕಬೇಕು. ಡಬ್ಬಿಯ ಮುಚ್ಚಳ ತೆಗೆದು ಅದರ ಕೆಳಗಿನ ರಬ್ಬರ್ ನೋಡಿದರೆ ಅನುಮಾನ ತಕ್ಷಣ ಬಗೆಹರಿಯುತ್ತದೆ: ಅದು ಉಬ್ಬಿ ಸೊಟ್ಟಗಾಗಿದ್ದರೆ ಬೇರೆ ಎಣ್ಣೆ ಬಿದ್ದಿದೆ.

ಈಗ ಹುಡುಕುವ ಕೆಲಸಕ್ಕೆ ಬರೋಣ.

ಗಾಡಿ ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಎತ್ತದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ಯಾರೂ ನುಸುಳಬಾರದು, ಸ್ಟ್ಯಾಂಡ್ ಇಟ್ಟೇ ಕೆಲಸ ಮಾಡಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ. ಹಿಂದಿನ ಗಾಲಿ ಎತ್ತಿದ್ದರೆ ಹ್ಯಾಂಡ್ ಬ್ರೇಕ್ ಇಳಿಸಿ. ಗಾಲಿಯನ್ನು ಕೈಯಿಂದ ತಿರುಗಿಸಿ. ಡಿಸ್ಕ್ ಬ್ರೇಕಿನಲ್ಲಿ ಸಣ್ಣ ಸರಸರ ಸದ್ದು ಇದ್ದೇ ಇರುತ್ತದೆ, ಅದು ರೋಗವಲ್ಲ. ಎರಡೂ ಕೈ ಹಾಕಿದರೂ ಗಾಲಿ ಅಲ್ಲಾಡದಿದ್ದರೆ, ಅಥವಾ ಬಿಟ್ಟ ಕೂಡಲೇ ಗಕ್ಕನೆ ನಿಂತರೆ ಬ್ರೇಕ್ ಹಿಡಿದಿದೆ. ಆ ಗಾಲಿಯನ್ನು ಎದುರು ಬದಿಯ ಗಾಲಿಯ ಜೊತೆ ಹೋಲಿಸಿದರೆ ಇನ್ನೂ ಸ್ಪಷ್ಟ. ಬೇರಿಂಗ್ ಕೆಟ್ಟರೂ ಗಾಲಿ ಬಿಸಿಯಾಗುತ್ತದೆಂಬುದನ್ನು ಮರೆಯಬಾರದು. ಬೇರಿಂಗಿನ ಬಿಸಿ ಗಾಲಿಯ ನಡುವಿನಲ್ಲಿ ಹೆಚ್ಚು, ಓಡುವಾಗ ಗುಂಯ್‌ಗುಡುವ ಸದ್ದು ವೇಗದ ಜೊತೆ ಏರುತ್ತದೆ, ಎತ್ತಿದ ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಆಟ ಕಾಣುತ್ತದೆ.

ಒಂದು ಎಚ್ಚರ. ದೋಷ ಇರುವಾಗಲೇ ಪರೀಕ್ಷಿಸಬೇಕು. ಬೆಳಗ್ಗೆ ತಣ್ಣಗಿನ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಎಲ್ಲ ಗಾಲಿಯೂ ಸರಾಗ ತಿರುಗಿ ಮೇಸ್ತ್ರಿಯನ್ನೂ ನಿಮ್ಮನ್ನೂ ಮರುಳು ಮಾಡುತ್ತವೆ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಹಿಡಿದುಕೊಂಡ ಸ್ಥಿತಿಯಲ್ಲೇ ಎತ್ತಬೇಕು.

ಇನ್ನು ಮುಖ್ಯವಾದ ಹೆಜ್ಜೆ. ಕ್ಯಾಲಿಪರಿನ ಮೇಲೆ, ಡ್ರಮ್ ಆದರೆ ಹಿಂಬದಿಯ ತಟ್ಟೆಯ ಮೇಲೆ, ಏರ್ ತೆಗೆಯುವ ಒಂದು ನಿಪ್ಪಲ್ ಇರುತ್ತದೆ. ಹಿಡಿದ ಗಾಲಿಯ ಆ ನಿಪ್ಪಲ್ಲನ್ನು ಅರ್ಧ ಸುತ್ತು ಸಡಿಲಿಸಿ. ಮುಖ ದೂರ ಇರಲಿ, ನಿಪ್ಪಲ್ಲಿನ ಬಾಯಿಗೆ ಒಂದು ಸಣ್ಣ ಪೈಪು ಸಿಕ್ಕಿಸಿ ಬಾಟಲಿಗೆ ಬಿಡಿ, ಎಣ್ಣೆ ಕಣ್ಣಿಗೂ ಬಣ್ಣಕ್ಕೂ ತಾಗಬಾರದು. ಎಣ್ಣೆ ಚಿಮ್ಮಿ ಗಾಲಿ ತಟ್ಟನೆ ಸಡಿಲಾಯಿತೇ? ಹಾಗಿದ್ದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು. ಕ್ಯಾಲಿಪರಿನ ತಪ್ಪಿಲ್ಲ, ದೋಷ ಮೇಲೆಲ್ಲೋ ಇದೆ. ಎಣ್ಣೆ ಬಂದು ಹೋಗಿಯೂ ಗಾಲಿ ಬಿಗಿಯಾಗಿಯೇ ಉಳಿಯಿತೇ? ಆಗ ಪಿಸ್ಟನ್, ಪಿನ್, ಪ್ಯಾಡ್ ಕೂರುವ ಜಾಗ, ಡ್ರಮ್ಮಿನ ಸ್ಪ್ರಿಂಗ್, ಹ್ಯಾಂಡ್ ಬ್ರೇಕ್ ಕೇಬಲ್ ಇವುಗಳಲ್ಲೇ ಯಾವುದೋ ಸಿಕ್ಕಿಕೊಂಡಿದೆ. ಅರ್ಧ ಸುತ್ತಿನ ಈ ಪರೀಕ್ಷೆ ಅರ್ಧ ಅನುಮಾನಗಳನ್ನು ಒಮ್ಮೆಗೇ ತಳ್ಳಿಹಾಕುತ್ತದೆ. ಇದನ್ನು ಮಾಡದೆ ಬಿಡಿಭಾಗ ತರಿಸುವ ಗ್ಯಾರೇಜನ್ನು ನಾನು ನಂಬುವುದಿಲ್ಲ.

ಒತ್ತಡ ಸಿಕ್ಕಿಕೊಂಡಿತ್ತು ಎಂದಾದರೆ ಎಲ್ಲಿ? ನಿಪ್ಪಲ್ ಬಿಗಿ ಮಾಡಿ, ಪೆಡಲ್ ತುಳಿದು ಬಿಟ್ಟು, ಗಾಲಿ ಮತ್ತೆ ಹಿಡಿಯುವಂತೆ ಮಾಡಿ. ಈ ಸಲ ರಬ್ಬರ್ ಹೋಸ್ ಲೋಹದ ಪೈಪಿಗೆ ಸೇರುವ ಮೇಲಿನ ನಟ್ಟನ್ನು ಸಡಿಲಿಸಿ. ಅಲ್ಲಿ ಸಡಿಲಿಸಿದರೂ ಗಾಲಿ ಬಿಗಿಯಾಗಿಯೇ ಇದ್ದರೆ ಒತ್ತಡ ಉಳಿದದ್ದು ಹೋಸಿನ ಒಳಗೆ. ಹಳೆಯ ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಪದರ ಮಾತ್ರ ಊದಿ ಅಥವಾ ಎದ್ದು ದಾರಿ ಕಿರಿದಾಗಿಸಿರುತ್ತದೆ. ಸೈಕಲ್ ಟ್ಯೂಬಿನ ವಾಲ್ವಿನ ಹಾಗೆ ಅದು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಹೋಸನ್ನು ಹಿಡಿದಿಡುವ ಲೋಹದ ಪಟ್ಟಿಯ ಒಳಗೆ ತುಕ್ಕು ಬೆಳೆದು ಹೋಸನ್ನು ಹಿಸುಕುವುದೂ ಉಂಟು. ಕ್ಯಾಲಿಪರ್ ಬಿಚ್ಚಿದಾಗ ಅದನ್ನು ಹೋಸಿನ ಮೇಲೇ ನೇತಾಡಲು ಬಿಡುವುದು ಇಲ್ಲಿ ಹಲವರ ಅಭ್ಯಾಸ. ಒಳಪದರ ಕಿತ್ತುಬರಲು ಅದೂ ಒಂದು ಕಾರಣ. ಒಂದು ತಂತಿಯಿಂದ ಕಟ್ಟಿ ನಿಲ್ಲಿಸಿದರೆ ಆ ಕಷ್ಟವಿಲ್ಲ. ಹೋಸ್ ಬದಲಿಸುವುದಾದರೆ ಎಡ ಬಲ ಎರಡನ್ನೂ ಬದಲಿಸಿ, ಎರಡರ ವಯಸ್ಸೂ ಒಂದೇ.

ಹೋಸ್ ತಪ್ಪಿತಸ್ಥನಲ್ಲವೆಂದಾದರೆ ಮಾಸ್ಟರ್ ಸಿಲಿಂಡರಿಗೆ ಹೋಗಬೇಕು. ಆದರೆ ಅಲ್ಲಿನ ದೋಷ ಒಂದೇ ಗಾಲಿಗೆ ತಾಗುವುದು ಅಪರೂಪ. ಬ್ರೇಕಿನ ಎಣ್ಣೆ ಎರಡು ದಾರಿಯಲ್ಲಿ ಹರಿಯುತ್ತದೆ. ಒಂದು ಸೋರಿದರೂ ಇನ್ನೊಂದು ಉಳಿಯಲಿ ಎಂಬುದು ಅದರ ಉದ್ದೇಶ. ಎಂಜಿನ್ ಮುಂದಿನ ಗಾಲಿಗಳನ್ನು ಓಡಿಸುವ ಹಲವು ಸಣ್ಣ ಕಾರುಗಳಲ್ಲಿ ಈ ದಾರಿ ಓರೆಯಾಗಿರುತ್ತದೆ: ಮುಂದಿನ ಎಡಗಾಲಿಗೆ ಹಿಂದಿನ ಬಲಗಾಲಿ ಜೋಡಿ. ಓರೆಯಾಗಿ ಎರಡು ಗಾಲಿ ಬಿಸಿಯಾದರೆ, ಅಥವಾ ನಾಲ್ಕೂ ಬಿಸಿಯಾದರೆ, ಗಾಲಿ ಬಿಚ್ಚುವ ಮೊದಲು ಬಾನೆಟ್ ತೆರೆಯಿರಿ.

ಮಾಸ್ಟರ್ ಸಿಲಿಂಡರಿನ ಒಳಗೆ ಸೂಜಿಮೊನೆಯಷ್ಟು ಸಣ್ಣ ರಂಧ್ರವೊಂದಿದೆ. ಪೆಡಲ್ ಪೂರ್ತಿ ಮೇಲೆ ಬಂದಾಗ ಅದು ತೆರೆದಿರುತ್ತದೆ. ಬ್ರೇಕ್ ಬಿಸಿಯಾಗಿ ಎಣ್ಣೆ ಹಿಗ್ಗಿದಾಗ ಹೆಚ್ಚಾದದ್ದು ಅದರ ಮೂಲಕ ಡಬ್ಬಿಗೆ ಮರಳುತ್ತದೆ. ಅದು ಕೊಳೆಯಿಂದ ಮುಚ್ಚಿದರೆ, ಇಲ್ಲವೇ ಪೆಡಲ್ ಕೂದಲೆಳೆಯಷ್ಟು ಕೆಳಗೇ ನಿಂತರೆ, ಹಿಗ್ಗಿದ ಎಣ್ಣೆಗೆ ಹೋಗಲು ಜಾಗವಿಲ್ಲ. ಬ್ರೇಕ್ ತಾನೇ ತಾನಾಗಿ ಹಿಡಿಯುತ್ತದೆ. ಹಿಡಿದರೆ ಬಿಸಿ, ಬಿಸಿಯಾದರೆ ಇನ್ನಷ್ಟು ಹಿಗ್ಗು, ಹಿಗ್ಗಿದರೆ ಇನ್ನಷ್ಟು ಬಿಗಿ. ಈ ದೋಷದ ಗುರುತು ಹೀಗೆ: ಹೊರಟಾಗ ಗಾಡಿ ಹಗುರ, ಹೋಗುತ್ತಾ ಹೋಗುತ್ತಾ ಭಾರ, ಪೆಡಲ್ ಕಲ್ಲಿನಂತೆ ಗಟ್ಟಿ, ಒಂದು ಗಂಟೆ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಸರಿ. ‘ತಣ್ಣಗಾದ ಮ್ಯಾಲೆ ಬಿಡ್ತೈತ್ರಿ’ ಎಂದು ಡ್ರೈವರ್ ಹೇಳಿದರೆ ಜಾಣ ಮೇಸ್ತ್ರಿ ಪೆಡಲಿನ ಬಳಿ ಬಗ್ಗುತ್ತಾನೆ. ಬ್ರೇಕ್ ಲೈಟಿನ ಸ್ವಿಚ್ಚನ್ನು ಈಚೆಗೆ ಬದಲಿಸಿ ತಪ್ಪಾಗಿ ಕೂರಿಸಿದ್ದರೆ ಪೆಡಲ್ ಪೂರ್ತಿ ಮೇಲೆ ಬರುವುದಿಲ್ಲ. ಕಾಲಡಿಯ ಮ್ಯಾಟ್ ಸಿಕ್ಕಿಕೊಂಡರೂ ಅದೇ ಗತಿ.

ಪೆಡಲ್ ಸರಿ ಇದ್ದರೆ, ಬೂಸ್ಟರಿಗೆ ಮಾಸ್ಟರ್ ಸಿಲಿಂಡರನ್ನು ಬಿಗಿದ ಎರಡು ನಟ್ಟುಗಳನ್ನು ಸಡಿಲಿಸಿ ಸಿಲಿಂಡರನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಸರಿಸಿ ನೋಡಬೇಕು. ಗಾಲಿಗಳು ಬಿಟ್ಟರೆ ಬೂಸ್ಟರಿನಿಂದ ಬರುವ ಸಲಾಕೆ ಉದ್ದವಾಗಿದೆ, ಅಥವಾ ಬೂಸ್ಟರ್ ಪೂರ್ತಿ ಹಿಂದಕ್ಕೆ ಮರಳುತ್ತಿಲ್ಲ. ಬಿಡದಿದ್ದರೆ ಮಾಸ್ಟರ್ ಸಿಲಿಂಡರೇ ಕೆಟ್ಟಿದೆ. ಎಬಿಎಸ್ ಇರುವ ಕಾರುಗಳಲ್ಲಿ ನಡುವೆ ವಾಲ್ವುಗಳ ಒಂದು ಪೆಟ್ಟಿಗೆ ಬರುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಮೇಲಿನ ಎಲ್ಲವೂ ಸರಿ ಇದ್ದು ಎಬಿಎಸ್ ದೀಪವೂ ಉರಿಯುತ್ತಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕು. ಇಷ್ಟರಮಟ್ಟಿಗೆ ಹೊಸಪೇಟೆಯ ದಾರಿ ಹಿಡಿಯುವುದು ಅನಿವಾರ್ಯ.

ಗಾಡಿ ಒಂದು ಕಡೆ ಎಳೆಯುವುದನ್ನು ಓದುವುದರಲ್ಲೂ ಒಂದು ಸೂಕ್ಷ್ಮವಿದೆ. ಬ್ರೇಕ್ ತುಳಿಯದಿದ್ದಾಗಲೂ ಎಡಕ್ಕೆ ಎಳೆದರೆ ಎಡಗಾಲಿ ಹಿಡಿದಿರಬಹುದು. ಬ್ರೇಕ್ ತುಳಿದಾಗ ಮಾತ್ರ ಎಡಕ್ಕೆ ಎಳೆದರೆ ಬಲಗಾಲಿಯ ಬ್ರೇಕ್ ಕೆಲಸ ಮಾಡುತ್ತಿಲ್ಲ ಎಂಬ ಸಾಧ್ಯತೆಯೇ ಹೆಚ್ಚು. ತುಕ್ಕು ಹಿಡಿದ ಪಿಸ್ಟನ್ ಎಲ್ಲಿ ನಿಂತಿತೋ ಅಲ್ಲೇ ಇರುತ್ತದೆ. ಮುಂದೆ ನಿಂತರೆ ಬಿಡುವುದಿಲ್ಲ, ಹಿಂದೆ ನಿಂತರೆ ಹಿಡಿಯುವುದಿಲ್ಲ.

ಲಾರಿಯವರ ಬಳಿ ಈ ಮಾತೆತ್ತಿದರೆ ಅವರ ಲೆಕ್ಕ ತಿರುಗುಮುರುಗು. ಅದಿರಿನ ಟಿಪ್ಪರ್‌ಗಳಲ್ಲಿ ಇರುವುದು ಗಾಳಿಯ ಬ್ರೇಕ್. ಅವುಗಳ ಪಾರ್ಕಿಂಗ್ ಬ್ರೇಕನ್ನು ಬಲವಾದ ಸ್ಪ್ರಿಂಗ್ ಹಿಡಿದಿರುತ್ತದೆ, ಗಾಳಿ ತುಂಬಿದರೆ ಮಾತ್ರ ಬಿಡುತ್ತದೆ. ಹಾಗಾಗಿ ಲಾರಿಯ ಬ್ರೇಕ್ ಹಿಡಿದುಕೊಂಡರೆ ಗಾಳಿ ಸೋರುವ ಜಾಗ ಹುಡುಕುತ್ತಾರೆ. ಕಾರಿನಲ್ಲಿ ಒತ್ತಡ ಎಲ್ಲಿ ಉಳಿದಿದೆ ಎಂದು ನೋಡಬೇಕು, ಲಾರಿಯಲ್ಲಿ ಎಲ್ಲಿ ಹೋಯಿತು ಎಂದು. ಲಾರಿ ಮೇಸ್ತ್ರಿಗಳ ಕೈಯಲ್ಲಿ ಕಾರು ಕೆಲವೊಮ್ಮೆ ಸರಿಹೋಗದಿರಲು ಇದೂ ಕಾರಣವಿರಬಹುದು.

ರೈಲಿನವರಿಗೂ ಇದು ಹಳೆಯ ಶತ್ರು. ಅಲ್ಲಿ ಇದನ್ನು ಬ್ರೇಕ್ ಬೈಂಡಿಂಗ್ ಎನ್ನುತ್ತಾರೆ. ಬಿಡದ ಬ್ರೇಕಿನ ಗಾಲಿಯಿಂದ ಹೊಗೆ, ಕಿಡಿ ಏಳುತ್ತದೆ. 2025ರ ಜನವರಿ 22ರಂದು ಮಹಾರಾಷ್ಟ್ರದ ಜಲಗಾಂವ್ ಜಿಲ್ಲೆಯಲ್ಲಿ ಪುಷ್ಪಕ್ ಎಕ್ಸ್‌ಪ್ರೆಸ್ಸಿಗೆ ಬೆಂಕಿ ಬಿತ್ತೆಂಬ ಸುದ್ದಿ ಹಬ್ಬಿ, ಸರಪಳಿ ಎಳೆದು ಹಳಿಗೆ ಇಳಿದವರ ಮೇಲೆ ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದ ಕರ್ನಾಟಕ ಎಕ್ಸ್‌ಪ್ರೆಸ್ ಹರಿಯಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಬಿದ್ದಿರಲಿಲ್ಲ. ಹಾಟ್ ಆ್ಯಕ್ಸಲ್ ಅಥವಾ ಬ್ರೇಕ್ ಬೈಂಡಿಂಗ್‌ನಿಂದ ಕಿಡಿ ಎದ್ದದ್ದನ್ನು ನೋಡಿ ಜನ ಗಾಬರಿಗೊಂಡಿರಬಹುದು ಎಂದು ಅಧಿಕಾರಿಗಳು ಮೊದಲಿಗೆ ಹೇಳಿದ್ದರು, ಬರೀ ವದಂತಿಯೇ ಕಾರಣವೆಂಬ ಮಾತು ಆಮೇಲೆ ಬಂತು. ಗಾಲಿಯ ಬಳಿಯ ಹೊಗೆ ಕಂಡಾಗ ಅದೇನೆಂದು ತಿಳಿದಿರುವುದು ಕೂಡ ಜೀವ ಉಳಿಸುವ ವಿದ್ಯೆ.

ಕಾರಿಗೆ ಮರಳಿದರೆ, ನಿಜವಾದ ಅಪಾಯ ಪೆಟ್ರೋಲ್ ಹೆಚ್ಚು ಕುಡಿಯುವುದಲ್ಲ, ಪ್ಯಾಡ್ ಸವೆಯುವುದೂ ಅಲ್ಲ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಶೇ 3.7ರಷ್ಟು ನೀರು ಸೇರಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4 ಆದರೆ 230 ಮತ್ತು 155. ಹಿಡಿದುಕೊಂಡ ಬ್ರೇಕಿನ ಬಿಸಿ ಈ ಗಡಿಯನ್ನು ಸುಲಭವಾಗಿ ಮುಟ್ಟುತ್ತದೆ. ಎಣ್ಣೆ ಕುದಿದರೆ ಆವಿ ಗುಳ್ಳೆಗಳು ಹುಟ್ಟುತ್ತವೆ, ಎಣ್ಣೆಯಂತಲ್ಲದೆ ಆವಿ ಹಿಸುಕಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಹಿಡಿದುಕೊಂಡಿದ್ದ ಬ್ರೇಕೇ ಈಗ ಇಲ್ಲ. ಕುಮಾರಸ್ವಾಮಿ ಬೆಟ್ಟದ ಇಳಿಜಾರಿನಲ್ಲೋ ದೋಣಿಮಲೈ ಕಡೆಯ ತಿರುವುಗಳಲ್ಲೋ ಹೀಗಾದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ‘ಬ್ರೇಕ್ ಫೇಲ್’ ಎಂಬ ಒಂದು ಸಾಲಿನ ಸುದ್ದಿಯ ಹಿಂದೆ ಬಿಡದ ಬ್ರೇಕ್ ಇದ್ದಿರಬಹುದೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು.

ದಾರಿಯಲ್ಲಿ ಹಿಡಿದರೆ ಮೊದಲು ನಿಲ್ಲಿಸಿ, ಒಣಹುಲ್ಲು ಮೆಕ್ಕೆಜೋಳದ ರವದಿ ಇಲ್ಲದ ಜಾಗ ನೋಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಎರಕದ ಕಬ್ಬಿಣ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಹ್ಯಾಂಡ್ ಬ್ರೇಕ್ ಎಳೆಯದೆ ಗಾಲಿಗೆ ಕಲ್ಲು ಕೊಟ್ಟು ತಣಿಯಲು ಬಿಡಿ. ತಣಿದ ಮೇಲೆ ಪೆಡಲ್ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದು ನೋಡಿ. ಮೆತ್ತಗಿದ್ದರೆ ಗಾಡಿ ಮುಂದೆ ಹೋಗಕೂಡದು, ಟೋ ಮಾಡಿಸಿ. ಗಟ್ಟಿಯಿದ್ದರೆ ನಿಧಾನಕ್ಕೆ, ಕೆಳ ಗೇರಿನಲ್ಲಿ, ಹತ್ತಿರದ ಗ್ಯಾರೇಜಿನವರೆಗೆ ಮಾತ್ರ.

ಮನೆಮುಂದೆ ಕಾರು ವಾರಗಟ್ಟಲೆ ನಿಲ್ಲುವುದಾದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ. ಸಮತಟ್ಟಿನಲ್ಲಿ ಗೇರಿಗೆ ಹಾಕಿ ಗಾಲಿಗೆ ಕಲ್ಲು ಕೊಡಿ. ಮಳೆಗಾಲದಲ್ಲಿ ಎಳೆದಿಟ್ಟ ಲೈನರ್ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಪ್ಯಾಡ್ ನೋಡಲು ಗಾಲಿ ಬಿಚ್ಚಿದಾಗಲೆಲ್ಲ ಪಿನ್ ಹೊರಗೆ ತೆಗೆಸಿ, ಒರೆಸಿ, ಸಿಲಿಕೋನ್ ಗ್ರೀಸ್ ಹಾಕಿಸಿ, ಬೂಟು ಸೀಳಿದ್ದರೆ ಅಲ್ಲೇ ಬದಲಿಸಿ. ಬ್ರೇಕ್ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆಸಿ ಹೊಸದು ಹಾಕಿಸಿ, ಹಾಕಿದ ತಾರೀಖನ್ನು ಡಬ್ಬಿಯ ಮೇಲೆ ಬರೆಸಿ. ನಮ್ಮ ಕಡೆಯ ಎಷ್ಟೋ ಕಾರುಗಳಲ್ಲಿ ಕಂಪನಿಯಿಂದ ಬಂದ ಎಣ್ಣೆಯೇ ಇನ್ನೂ ಇದೆ, ಚಹಾದ ಕಷಾಯದಷ್ಟು ಕಪ್ಪಾಗಿ.

ಮುಂದಿನ ಸಲ ಗಾಲಿ ಬಿಸಿಯಾಗಿ ಗ್ಯಾರೇಜಿಗೆ ಹೋದಾಗ, ‘ಪ್ಯಾಡ್ ತರ್ಸಾಣ್ರಿ’ ಎಂದು ಮೇಸ್ತ್ರಿ ಹೇಳುವ ಮೊದಲೇ ಕೇಳಿ: ‘ಅಣ್ಣಾ, ನಿಪ್ಪಲ್ ಸಡ್ಲ ಮಾಡಿ ನೋಡಿದ್ಯಾ? ಗಾಲಿ ಬಿಡ್ತಾ, ಇಲ್ವಾ?’ ಉತ್ತರ ಸಿಗುವವರೆಗೆ ಹಣ ಕೊಡಬೇಡಿ, ಬದಲಿಸಿದ ಹಳೆಯ ಭಾಗವನ್ನು ಕೈಗೆ ಇಸಕೊಂಡೇ ಬನ್ನಿ.